ಬ್ಯಾಡಗಿಯ ಹಿತ್ತಲಲ್ಲಿ ಹೂತಿದ್ದ ಎಣ್ಣಿ ಟಾಕಿ

ಬ್ಯಾಡಗಿಯಿಂದ ಫೋನು ಮಾಡಿದ ಹೆಣ್ಣುಮಗಳು ಎರಡು ಪ್ರಶ್ನೆ ಕೇಳಿದರು. ಹಿತ್ತಲಲ್ಲಿ ಹೂತಿರುವ ಹಳೆಯ ಕಬ್ಬಿಣದ ಎಣ್ಣೆ ಟಾಕಿಯನ್ನು ಕೀಳಲು ಎಷ್ಟು ಖರ್ಚಾಗುತ್ತದೆ? ಕಿತ್ತ ಮೇಲೆ ಅದೇ ಜಾಗದಲ್ಲಿ ಒಲೆ ಹೂಡಬಹುದೇ? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಾನು ಎರಡಕ್ಕೂ ಉತ್ತರ ಕೊಡದೆ, ಬಂದು ನೋಡುತ್ತೇನೆ ಎಂದೆ. ಟಾಕಿ ಕೂರಿಸುವುದು, ಕೀಳುವುದು ನನ್ನ ಕಸುಬು. ಕೂರಿಸುವ ದರವನ್ನು ಫೋನಿನಲ್ಲೇ ಹೇಳಬಹುದು. ಮಣ್ಣೊಳಗಿರುವ ಟಾಕಿ ಕೀಳುವ ದರವನ್ನು ನೋಡದೆ ಹೇಳುವವನು ಸುಳ್ಳನಿರಬೇಕು, ಇಲ್ಲವೇ ಈ ಕೆಲಸಕ್ಕೆ ಹೊಸಬನಿರಬೇಕು. ಹೀಗೆ ಮುಖಕ್ಕೆ ಹೊಡೆದಂತೆ ಮಾತಾಡಿ ನಾನು ಸಾಕಷ್ಟು ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ.

ರಾಣೆಬೆನ್ನೂರಿನ ಹೊರಗಿರುವ ನನ್ನ ಶೆಡ್ಡಿನಿಂದ ಬ್ಯಾಡಗಿಗೆ ಸ್ಕೂಟರಿನಲ್ಲಿ ಹೋದರೆ ದೂರವೇನಿಲ್ಲ. ಮನೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಎರಡು ಸೈಕಲ್ ಎದುರುಬದುರಾದರೆ ಒಬ್ಬರು ಇಳಿಯಬೇಕಾದಂಥ ಓಣಿ. ಮನೆಯೊಡತಿ ಬಹಳ ವರ್ಷ ಬಾಡಿಗೆ ಕೋಣೆಯಲ್ಲಿ ರೊಟ್ಟಿ ಬಡಿದು, ಮಾರುಕಟ್ಟೆಯ ಹಮಾಲರಿಗೂ ಲಾರಿ ಡ್ರೈವರುಗಳಿಗೂ ಊಟ ಕೊಟ್ಟವರು. ಈಗ ಈ ಹಳೆಯ ಮನೆಯನ್ನು ಕೊಂಡಿದ್ದರು. ಮುಂದಿನ ಪಡಸಾಲೆಯಲ್ಲಿ ಊಟಕ್ಕೆ ಕೂರಿಸುವುದು, ಹಿತ್ತಲಲ್ಲಿ ಕಟ್ಟಿಗೆ ಒಲೆ ಹೂಡುವುದು ಎಂಬುದು ಅವರ ಯೋಜನೆ. ಗ್ಯಾಸಿನ ಮೇಲೆ ಬೇಯಿಸಿದ ಜೋಳದ ರೊಟ್ಟಿಯನ್ನು ಹಮಾಲರು ಮುಟ್ಟುವುದಿಲ್ಲವಂತೆ. ಒಳಗೆ ಹೊಗೆ ಹೋಗಲು ದಾರಿಯಿಲ್ಲ, ಹೀಗಾಗಿ ಒಲೆಗೆ ಹಿತ್ತಲು ಬಿಟ್ಟರೆ ಬೇರೆ ಜಾಗವಿಲ್ಲ. ಆ ಹಿತ್ತಲ ನಡುವೆಯೇ, ಫರಸಿ ಕಲ್ಲಿನ ಕೆಳಗೆ, ಟಾಕಿ ಮಲಗಿತ್ತು. ಒಂದು ಮೂಲೆಯಲ್ಲಿ, ಬಿರಡೆ ಬಿಗಿದು ತುಕ್ಕು ಹಿಡಿದ ಪೈಪಿನ ಬಾಯಿಯಷ್ಟೇ ಹೊರಗೆ ಕಾಣುತ್ತಿತ್ತು.

ನನಗಿಂತ ಮೊದಲು ಒಬ್ಬ ಗುಜರಿಯವನು ಬಂದು ನೋಡಿದ್ದನಂತೆ. ಒಂದು ರೂಪಾಯಿ ಕೊಡಬೇಡಿ, ಕತ್ತರಿಸಿ ಕಬ್ಬಿಣ ಒಯ್ಯುತ್ತೇನೆ, ಹೊಂಡ ನೀವೇ ಮುಚ್ಚಿಕೊಳ್ಳಿ ಎಂದಿದ್ದನಂತೆ. ಪುಕ್ಕಟೆ ಕೆಲಸವನ್ನು ಯಾಕೆ ಬಿಟ್ಟಿರಿ ಎಂದು ಕೇಳಿದೆ. ಅವನು ಆ ಪೈಪಿನ ಬಾಯಿಯ ಪಕ್ಕದಲ್ಲೇ ನಿಂತು ಬೀಡಿ ಹಚ್ಚಿಕೊಂಡನೆಂದೂ, ಆಗಲೇ ಅವನ ಮೇಲಿನ ನಂಬಿಕೆ ಹೋಯಿತೆಂದೂ ಹೇಳಿದರು. ಅಲ್ಲೇ ನನಗೆ ಅವರ ಮೇಲೆ ಗೌರವ ಮೂಡಿತು.

ಕಡಿಮೆ ಖರ್ಚಿನ ದಾರಿಯೊಂದನ್ನು ನಾನೂ ತೋರಿಸಿದೆ. ಒಳಗಿನದನ್ನು ಹೀರಿ ತೆಗೆದು, ತೊಳೆದು, ಮರಳು ತುಂಬಿ ಅಲ್ಲಿಯೇ ಬಿಟ್ಟುಬಿಡುವುದು. ಎಷ್ಟೋ ಕಡೆ ಹಾಗೆ ಮಾಡುತ್ತಾರೆ, ತಪ್ಪೇನಿಲ್ಲ. ಅವರು ಫರಸಿಯ ಕಡೆ ಕೈ ಮಾಡಿದರು.

"ನಾ ಅದರ ಮ್ಯಾಲ ದಿನಾ ನಾಕ ಒಲಿ ಉರಸಾಕಿ ಅದೀನ್ರಿ," ಎಂದರು. "ನೆಲದ ಹೊಟ್ಟ್ಯಾಗ ಅದನ್ನ ಇಟಗೊಂಡು ನನಗ ನಿದ್ದಿ ಬರೂದಿಲ್ಲ. ತಗೀರಿ."

ಮನೆ ಮಾರಿದ ಯಜಮಾನರು ಈಗ ಹಾವೇರಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರಿಗೆ ಫೋನು ಹಚ್ಚಿ, ಟಾಕಿಯಲ್ಲಿ ಏನಿತ್ತು ಎಂದು ಕೇಳಿದೆ. ಎಣ್ಣಿ ಟಾಕಿ ಅದು, ಗಾಡಿ ಎಣ್ಣಿ, ಖಾಲಿ ಆಗಿ ಎಷ್ಟೋ ವರ್ಷವಾಯಿತು ಎಂದರು. ಅವರದು ಮೆಣಸಿನಕಾಯಿ ವ್ಯಾಪಾರ, ಬಾಗಿಲಲ್ಲಿ ಲಾರಿಗಳು ನಿಲ್ಲುತ್ತಿದ್ದ ಮನೆತನ. ಗಾಡಿ ಎಂದರೆ ಲಾರಿ, ಲಾರಿ ಎಂದರೆ ಡೀಸೆಲ್ ಎಂದು ನಾನು ಲೆಕ್ಕ ಹಾಕಿಬಿಟ್ಟೆ. ನಮ್ಮ ಕಡೆ ಎಣ್ಣಿ ಎಂಬ ಮಾತಿಗೆ ಮಿತಿಯಿಲ್ಲ. ಒಗ್ಗರಣೆಗೆ ಹಾಕುವುದೂ ಎಣ್ಣಿ, ಚಿಮಣಿಗೆ ಹಾಕುವುದೂ ಎಣ್ಣಿ, ಸಂಜೆಗೆ ಕುಡಿಯುವುದೂ ಎಣ್ಣಿ. ಆ ಹೊತ್ತಿನಲ್ಲಿ ಇನ್ನೊಂದು ಪ್ರಶ್ನೆ ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಡೀಸೆಲ್ ಎಂದಾದರೆ ಕೆಲಸ ಸಲೀಸು. ಡೀಸೆಲ್ಲಿಗೆ ಹೊರಗೆ ಕಡ್ಡಿ ಗೀರಿದರೂ ಅದು ಥಟ್ಟನೆ ಹತ್ತಿಕೊಳ್ಳುವುದಿಲ್ಲ. ಟಾಕಿಯನ್ನು ಬಿಡಿಸಿ, ಉಳಿದ ಎಣ್ಣೆ ಹೀರಿ, ತೊಳೆದು, ಹೊಂಡದಲ್ಲೇ ಗ್ಯಾಸ್ ಕಟರಿನಿಂದ ಮೂರು ತುಂಡು ಮಾಡಿ, ಮನೆಯೊಳಗಿಂದಲೇ ಹೊತ್ತು ಹೊರಗೆ ಹಾಕುವುದು ಎಂದು ಯೋಚಿಸಿದೆ. ಇಡಿಯಾಗಿ ಒಯ್ಯಲು ಓಣಿಯಲ್ಲಿ ದಾರಿಯಿರಲಿಲ್ಲ. ಹಿತ್ತಲ ಮೂರು ಕಡೆಯೂ ಗೋಡೆ. ಹಿಂದಿನ ಗೋಡೆಯ ಆಚೆ ಒಬ್ಬ ವ್ಯಾಪಾರಿಯ ಬಯಲು, ಅದರ ತುಂಬ ಮೆಣಸಿನಕಾಯಿ ಹರವಿದ್ದರು. ಈ ಯೋಜನೆಗೆ ತಕ್ಕ ಖರ್ಚು ಹೇಳಿದೆ. ಅವರು ಚೌಕಾಸಿ ಮಾಡಲಿಲ್ಲ. ಹಮಾಲರಿಗೆಲ್ಲ ಮುಂದಿನ ಸೋಮವಾರದಿಂದ ಹೊಸ ಜಾಗದಲ್ಲಿ ಊಟ ಎಂದು ಹೇಳಿಬಿಟ್ಟಿದ್ದೇನೆ, ಅಷ್ಟರೊಳಗೆ ಮುಗಿಸಿ ಎಂದರು.

ಕತ್ತರಿಸಲು ಅಗಡಿಯ ಮಿಸ್ತ್ರಿಯನ್ನು ಕರೆದೆ. ಕಟರ್ ಹಿಡಿದು ತಲೆ ನರೆಸಿಕೊಂಡ ಮನುಷ್ಯ, ನನ್ನ ಜೊತೆ ಎಷ್ಟೋ ಕೆಲಸ ಮಾಡಿದವನು. ಅಗೆಯಲು ಇಬ್ಬರು ಆಳು. ಮೊದಲ ದಿನ ಫರಸಿ ಎಬ್ಬಿಸಿ, ಕರಿಮಣ್ಣು ತೋಡಿ, ಟಾಕಿಯ ಬೆನ್ನು ಕಾಣಿಸುವಷ್ಟು ಮಾಡಿದೆವು. ತುಕ್ಕು ಹಿಡಿದು ಬಿಗಿದುಕೊಂಡಿದ್ದ ಮುಚ್ಚಳ ಅಂದು ಜಗ್ಗಲಿಲ್ಲ. ಗ್ರೀಸು ಬಳಿದು, ಗೋಣಿಚೀಲ ಸುತ್ತಿ ಬಿಟ್ಟು ಹೋದೆವು. ಮರುದಿನ ಬಿಸಿಲೇರುವ ಹೊತ್ತಿಗೆ ಅದು ತಿರುಗಿತು.

ಆ ಹೊತ್ತಿಗೇ ಪಕ್ಕದ ಗೋದಾಮಿನಲ್ಲಿ ಚೀಲ ಝಾಡಿಸಲು ಶುರುಮಾಡಿದರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ತಿಳಿದವರಂತೆ ಹೇಳುತ್ತಾರೆ. ಹಾಗೆನ್ನುವವರು ಸುಗ್ಗಿಯಲ್ಲಿ ಬಂದು ಒಂದು ಗೋದಾಮಿನ ಬಾಗಿಲಲ್ಲಿ ನಿಲ್ಲಲಿ. ಊರಿಗೆ ಊರೇ ಸೀನುತ್ತದೆ, ಕೆಮ್ಮುತ್ತದೆ, ಕಣ್ಣು ಒರೆಸಿಕೊಂಡು ವ್ಯಾಪಾರ ಮಾಡುತ್ತದೆ. ನಾವೂ ಮೂಗಿಗೆ ಟವೆಲ್ ಕಟ್ಟಿಕೊಂಡು ಕೆಲಸ ಮಾಡಿದೆವು. ಗಳ ಇಳಿಸಿ ನೋಡಿದಾಗ ತಳದಲ್ಲಿ ಒಂದು ಗೇಣಿಗೂ ಕಡಿಮೆ ಕರಿ ಗಸಿ ಇತ್ತು. ಕೈಪಂಪಿನಿಂದ ಅದನ್ನು ಡ್ರಮ್ಮಿಗೆ ಎಳೆದೆವು. ನಾನು ಟವೆಲ್ ಸರಿಸಿ ಪೈಪಿಗೆ ಮೂಗು ಹಚ್ಚಿ ನೋಡಿದೆ, ಮಿಸ್ತ್ರಿಯೂ ನೋಡಿದ. ಹಳೆಯ ಎಣ್ಣೆಯ ಕಮಟು ಬಿಟ್ಟರೆ ಏನೂ ತಿಳಿಯಲಿಲ್ಲ. ಮೂಗಿನಲ್ಲಿ ಮೆಣಸಿನ ಘಾಟು ತುಂಬಿಕೊಂಡಿದೆ, ಅದು ಬೇರೆ ಯಾವುದನ್ನೂ ಹೇಳುವ ಸ್ಥಿತಿಯಲ್ಲಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಊಟದ ನಂತರ ಮಿಸ್ತ್ರಿ ಸಿಲಿಂಡರುಗಳನ್ನು ಓಣಿಯಲ್ಲಿ ನಿಲ್ಲಿಸಿ, ಪೈಪುಗಳನ್ನು ಮನೆಯೊಳಗಿಂದ ಹಿತ್ತಲಿಗೆ ಎಳೆದುಕೊಂಡ. ಮೊದಲು ನೀರು ಸುರಿದು ತೊಳೆಯೋಣ ಎಂದೆ. ಡೀಸೆಲ್ ಟಾಕಿಗೆ ಯಾಕೆ ಸ್ನಾನ ಮಾಡಿಸುತ್ತೀರಿ, ಹೊಂಡ ಕೆಸರಾದರೆ ನಾನೆಲ್ಲಿ ನಿಲ್ಲಲಿ ಎಂದು ಅವನು ನಕ್ಕ. ನಾನೂ ಒತ್ತಾಯ ಮಾಡಲಿಲ್ಲ. ಅವನು ಕನ್ನಡಕ ಹಾಕಿಕೊಂಡು, ಟಾಕಿಯ ಬೆನ್ನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಕಟರ್ ಹಚ್ಚುವ ಲೈಟರಿಗೆ ಕೈ ಹಾಕಿದ.

ಆಗ ಮನೆಯೊಡತಿಯ ಅಕ್ಕ ಬಂದರು. ಹೊಸ ಮನೆಯ ಕೆಲಸಕ್ಕೆ ಕೈಜೋಡಿಸಲು ಮೇಡ್ಲೇರಿಯಿಂದ ಬಸ್ಸಿಳಿದು, ಹೊಳೆದಂಡೆಯ ತಮ್ಮ ಹೊಲದ ಮೆಂತ್ಯದ ಸೊಪ್ಪಿನ ಗಂಟು ಬಗಲಲ್ಲಿಟ್ಟುಕೊಂಡು, ನೇರ ಹಿತ್ತಲ ಬಾಗಿಲಿಗೆ ಬಂದು ನಿಂತರು. ಯಾರೊಡನೆಯೂ ಮಾತಾಡುವ ಮೊದಲು ಮುಖ ಸಿಂಡರಿಸಿದರು.

"ಯಾರರ ಪೆಟ್ರೋಲ್ ಚೆಲ್ಲೀರೇನು ಇಲ್ಲೆ?"

ಮಿಸ್ತ್ರಿ ತಲೆ ಎತ್ತದೆಯೇ, ಬಸ್ಸಿನಲ್ಲಿ ಯಾರದೋ ಕ್ಯಾನಿನದು ಸೀರೆಗೆ ಹತ್ತಿರಬೇಕು, ಇದು ಡೀಸೆಲ್ ಟಾಕಿ ಎಂದ. ಅಕ್ಕ ತಮ್ಮ ಸೆರಗನ್ನೇ ಮೂಸಿ ನೋಡಿಕೊಂಡರು. ನಮ್ಮ ಹೊಲಕ್ಕೆ ಔಷಧಿ ಹೊಡೆಯುವ ಮಷೀನು ಪೆಟ್ರೋಲಿನದು, ದಿನಾ ತುಂಬುವವಳು ನಾನೇ, ನನಗೆ ವಾಸನೆ ಗೊತ್ತಾಗುವುದಿಲ್ಲವೇ ಎಂದರು. ನಮ್ಮ ಐದಾರು ಜನರಲ್ಲಿ ಯಾರಿಗೂ ಬಾರದ ವಾಸನೆ ಅವರೊಬ್ಬರಿಗೆ ಬರುತ್ತಿತ್ತು. ಅವರೊಬ್ಬರೇ ಬ್ಯಾಡಗಿಯ ಹೊರಗಿನಿಂದ ಅದೇ ತಾನೇ ಬಂದವರು.

"ಮಿಸ್ತ್ರಿ, ಲೈಟರ್ ಕಿಸೆದಾಗ ಇಟ್ಟು ಮ್ಯಾಲ ಬಾ," ಎಂದೆ. ಅವನು ಬಂದ.

ಎಲ್ಲರನ್ನೂ ಹಿತ್ತಲಿನಿಂದ ಹೊರಗೆ ಕಳಿಸಿ, ಸಿಲಿಂಡರುಗಳನ್ನು ಓಣಿಯಾಚೆ ಸಾಗಿಸಿ, ಟಾಕಿಯ ಬಾಯಿ ಮುಚ್ಚಿದೆ. ಆಮೇಲೆ ಸ್ಕೂಟರ್ ಹತ್ತಿ ಊರ ಹೊರಗೆ ಹೋದೆ. ಒಂದು ಹೊಲದ ಬೋರಿನ ನೀರಿನಲ್ಲಿ ಮುಖ ಮೂಗು ತೊಳೆದುಕೊಂಡು, ಬದುವಿನ ಮೇಲೆ ಸುಮ್ಮನೆ ಕುಳಿತೆ. ಹೊಲದವನಿಗೆ ನಾನೊಬ್ಬ ತಲೆಕೆಟ್ಟವನಂತೆ ಕಂಡಿರಬೇಕು. ಬಹಳ ಹೊತ್ತಿನ ಮೇಲೆ, ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿಕೊಂಡು ವಾಪಸು ಬಂದು, ಹಿತ್ತಲ ಹೊಸ್ತಿಲಲ್ಲಿ ಅದನ್ನು ಬಿಚ್ಚಿದೆ. ವಾಸನೆ ರಪ್ಪನೆ ಬಡಿಯಿತು. ಪೆಟ್ರೋಲ್, ಅನುಮಾನವೇ ಇರಲಿಲ್ಲ. ಅಲ್ಲಿಯೇ ಕುಳಿತುಕೊಂಡೆ. ನನಗೆ ಆಗ ಆದದ್ದು ಹೆದರಿಕೆ, ಮತ್ತೇನೂ ಅಲ್ಲ.

ಹಾವೇರಿಯ ಯಜಮಾನರಿಗೆ ಮತ್ತೆ ಫೋನು ಮಾಡಿ, ಗಾಡಿ ಎಂದರೆ ಯಾವ ಗಾಡಿ ಎಂದು ಕೇಳಿದೆ. ಜೀಪು ಎಂದರು. ಅವರ ತಂದೆ ಹಳ್ಳಿಹಳ್ಳಿ ತಿರುಗಿ ಮೆಣಸಿನಕಾಯಿ ಕೊಳ್ಳಲು ಎರಡು ಜೀಪು ಇಟ್ಟಿದ್ದರಂತೆ, ಆಗಿನ ಜೀಪುಗಳು ಪೆಟ್ರೋಲಿನ ಮೇಲೆ ಓಡುತ್ತಿದ್ದವಂತೆ. ಲಾರಿಗಳು ಬಾಡಿಗೆಯವು, ಅವಕ್ಕೆ ನಾವೇಕೆ ಎಣ್ಣಿ ಹಾಕೋಣ ಎಂದು ನನ್ನನ್ನೇ ಕೇಳಿದರು. ಅವರು ಸುಳ್ಳು ಹೇಳಿರಲಿಲ್ಲ. ಖಾಲಿ ಎಂದದ್ದೂ ಅವರ ಮಟ್ಟಿಗೆ ನಿಜ. ಪೆಟ್ರೋಲ್ ಟಾಕಿ ತುಂಬಿದ್ದಾಗ ಇರುವುದಕ್ಕಿಂತ ಹೆಚ್ಚು ಅಪಾಯ ಅದು ಖಾಲಿಯಾದಾಗ ಇರುತ್ತದೆ. ಬಾಯಿ ಭದ್ರವಾಗಿ ಮುಚ್ಚಿದ್ದರಿಂದ, ತಳದ ಗಸಿಯ ಆವಿ ಹೊರಗೆ ಹೋಗಲಾರದೆ ಒಳಗೇ ತುಂಬಿತ್ತು. ಬಾಯಿ ತೆರೆದು ನಾವೇ ಅದಕ್ಕೆ ಗಾಳಿ ಕೂಡಿಸಿದ್ದೆವು. ಕಟರಿನ ಒಂದು ಕಿಡಿ ಸಾಕಿತ್ತು. ಹಿತ್ತಲಲ್ಲಿ ನಾವು, ಪಕ್ಕದಲ್ಲಿ ಒಣ ಚೀಲಗಳ ಗೋದಾಮು, ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ ಹತ್ತಿದ ಓಣಿ.

ಹಾವೇರಿಯಲ್ಲಿ ಬಂಕುಗಳ ರಿಪೇರಿ ಮಾಡುವ ಗೆಳೆಯನಿಂದ ಆವಿ ಅಳೆಯುವ ಮೀಟರ್ ತಂದೆ. ಅದರ ನಳಿಕೆಯನ್ನು ಟಾಕಿಯೊಳಗೆ ಇಳಿಸಿದ ಕೂಡಲೇ ಅದು ಕೂಗತೊಡಗಿತು. ಮಿಸ್ತ್ರಿ ಆ ಸದ್ದನ್ನು ಕೇಳುತ್ತ ನಿಂತಿದ್ದು, ಹೋಗಿ ಅಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವರಿಗೆ ನಾಚಿಕೆಯಾಗಿ, ಸೊಪ್ಪು ಬಿಡಿಸಲು ಒಳಗೆ ಹೋದರು.

ಅಂದು ಸಂಜೆ ಮನೆಯೊಡತಿಯನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ನೀರು ತುಂಬಿ ಆವಿಯನ್ನು ಹೊರದೂಡಬಹುದು, ಆದರೆ ಟಾಕಿಯ ತಳ ತೂತಾಗಿದ್ದರೆ ಆ ನೀರು ಪೆಟ್ರೋಲನ್ನು ಹೊತ್ತು ಮಣ್ಣಿಗಿಳಿಯುತ್ತದೆ. ಗಾಳಿ ಊದಿ ಆವಿ ತೆಗೆದರೂ, ಕಬ್ಬಿಣ ಕಾದಾಗ ಒಳಗೆ ಅಂಟಿದ ಗಸಿ ಮತ್ತೆ ಆವಿಯಾಗುತ್ತದೆ. ಆದ್ದರಿಂದ ಈ ಹಿತ್ತಲಲ್ಲಿ ನಾನು ಬೆಂಕಿಯ ಕೆಲಸ ಮಾಡುವುದಿಲ್ಲ ಎಂದೆ. ಇಡೀ ಟಾಕಿಯನ್ನು ಹಾಗೆಯೇ ಎತ್ತಬೇಕು. ಅದಕ್ಕೆ ಹಿಂದಿನ ಗೋಡೆ ಕೆಡವಬೇಕು, ವ್ಯಾಪಾರಿಯ ಬಯಲಿಗೆ ಕ್ರೇನ್ ತರಬೇಕು, ಆಮೇಲೆ ಗೋಡೆ ಮತ್ತೆ ಕಟ್ಟಬೇಕು. ನಾನು ಮೊದಲು ಹೇಳಿದ ಖರ್ಚಿಗೆ ಹತ್ತಿರಹತ್ತಿರ ಇನ್ನೂ ಅಷ್ಟೇ ಸೇರುತ್ತದೆ. ಸೋಮವಾರದ ಮಾತಂತೂ ಮರೆತುಬಿಡಬೇಕು.

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಿದ್ದರೆ ತಪ್ಪೂ ಇರಲಿಲ್ಲ.

"ಇಷ್ಟೆಲ್ಲಾ ಮಾಡಿದ ಮ್ಯಾಲರ ಅಲ್ಲಿ ಒಲಿ ಹೂಡಬಹುದೇನ್ರಿ?"

"ಹೂಡಬಹುದ್ರಿ. ಮಣ್ಣು ತೋಡಿ ಸ್ವಚ್ಛ ಆದ ಮ್ಯಾಲ."

"ಮತ್ತ ಗ್ವಾಡಿ ಕೆಡವ್ರಿ. ಹಮಾಲರಿಗೆ ನಾ ಹೇಳ್ತೀನಿ. ಹಳೇ ಬಾಡಿಗಿ ಕೋಲ್ಯಾಗ ಇನ್ನೊಂದಿಷ್ಟು ದಿನ ಉಣ್ತಾರ, ಸಾಯೂದಿಲ್ಲ."

ವ್ಯಾಪಾರಿಯನ್ನು ಒಪ್ಪಿಸುವುದನ್ನೂ ಅವರೇ ಮಾಡಿದರು. ಕ್ರೇನ್ ಎಂದ ಕೂಡಲೇ ಆತ ಮೆಣಸಿನಕಾಯಿ ಹರವಿದ್ದೇನೆ, ಸುಗ್ಗಿ ಮುಗಿಯಲಿ ಎಂದನಂತೆ. ಟಾಕಿ ಹತ್ತಿಕೊಂಡರೆ ನಿಮ್ಮ ಮೆಣಸಿನಕಾಯಿ ಸುಗ್ಗಿ ಮುಗಿಯುವ ಮೊದಲೇ ಒಣಗುತ್ತದೆ ಎಂದು ಇವರು ಹೇಳಿಬಂದರು. ಮರುದಿನ ಬೆಳಗ್ಗೆ ಬಯಲು ಅರ್ಧ ಖಾಲಿಯಾಗಿತ್ತು.

ಮುಂದಿನ ಕೆಲಸ ನಿಧಾನದ್ದು. ಊದುವ ಯಂತ್ರವನ್ನು ಓಣಿಯ ಕಡೆ ದೂರದಲ್ಲಿಟ್ಟು, ಕಬ್ಬಿಣದ ಪೈಪಿನಿಂದ ಟಾಕಿಯೊಳಗೆ ಗಾಳಿ ಬಿಟ್ಟೆವು. ಪ್ಲಾಸ್ಟಿಕ್ ಪೈಪ್ ಹಗುರ ಎಂದು ಆಳುಗಳು ಅದನ್ನೇ ತಂದಿದ್ದರು. ಅದರೊಳಗೆ ಗಾಳಿ ಉಜ್ಜಿ ಕರೆಂಟಿನ ಕಿಡಿ ಹುಟ್ಟಬಹುದೆಂದು ವಾಪಸು ಕಳಿಸಿದೆ. ಹುಟ್ಟಿದ ಕರೆಂಟು ನೆಲಕ್ಕಿಳಿಯಲೆಂದು ಟಾಕಿಗೂ ಪೈಪಿಗೂ ತಂತಿ ಕಟ್ಟಿ ನೆಲಕ್ಕೆ ಹೂಡಿದೆವು. ಆವಿ ಹೊರಬರುವ ಪೈಪನ್ನು ಮಾಳಿಗೆಗಿಂತ ಎತ್ತರಕ್ಕೆ ನಿಲ್ಲಿಸಿದೆವು. ಮೀಟರ್ ಸುಮ್ಮನಾಗುವವರೆಗೆ ಯಾರೂ ಹೊಂಡಕ್ಕಿಳಿಯಲಿಲ್ಲ. ಇಳಿದ ಮೇಲೂ ಗುದ್ದಲಿ ಕಲ್ಲಿಗೆ ತಾಗಿ ಕಿಡಿ ಹಾರದಂತೆ ಮಣ್ಣನ್ನು ತೋಯಿಸುತ್ತಲೇ ಅಗೆದೆವು. ಓಣಿಯವರು ಅಷ್ಟೂ ದಿನ ಒಲೆ ಹಚ್ಚುವ ಮುಂಚೆ ಬಂದು ಕೇಳಿ ಹೋಗುತ್ತಿದ್ದರು.

ಮೇಡ್ಲೇರಿಯ ಅಕ್ಕನ ಮೂಗಿನ ಮೇಲೆ ನಮಗೆಲ್ಲ ಅಪಾರ ಭಕ್ತಿ ಹುಟ್ಟಿತ್ತು. ಮಿಸ್ತ್ರಿಯಂತೂ ಪ್ರತಿ ಕೆಲಸಕ್ಕೂ ಮುಂಚೆ ಅವರನ್ನು ಕರೆದು ಮೂಸಿಸುತ್ತಿದ್ದ. ಮೂರನೆಯ ಬೆಳಗ್ಗೆ ಅವರು ಹೊಂಡದ ಅಂಚಿಗೆ ಬಂದು, ಏನೂ ವಾಸನೆಯಿಲ್ಲ, ಎಲ್ಲ ಹೋಯಿತು ಎಂದರು. ಅದೇ ಕ್ಷಣಕ್ಕೆ ಮೀಟರ್ ಕೂಗಿತು. ಅವರ ಮೂಗೂ ಅಷ್ಟರೊಳಗೆ ಬ್ಯಾಡಗಿಯದಾಗಿತ್ತು. ಅಂದಿನಿಂದ ಮೀಟರನ್ನಷ್ಟೇ ನಂಬಿದೆವು, ಅಕ್ಕ ಹಾಯಾಗಿ ಅಡಿಗೆ ಕಡೆ ಹೋದರು.

ಕ್ರೇನ್ ಬಂದ ದಿನ ಮತ್ತೊಂದು ಎಡವಟ್ಟಾಯಿತು. ಟಾಕಿಯ ಬೆನ್ನ ಮೇಲಿದ್ದ ಎರಡು ಕಬ್ಬಿಣದ ಕಿವಿಗಳಿಗೆ ಸರಪಳಿ ಹಾಕಿ ಎತ್ತಿದೆವು. ಮೇಲೆ ನೋಡಲು ಗಟ್ಟಿಯಾಗಿದ್ದವು. ಟಾಕಿ ನೆಲ ಬಿಟ್ಟು ಒಂದು ಮೊಳ ಏರಿತ್ತು, ಅಷ್ಟರಲ್ಲಿ ಒಂದು ಕಿವಿ ತುಕ್ಕಿನ ಹಕ್ಕಳೆ ಉದುರಿಸಿ ಕಿತ್ತುಬಂತು. ಟಾಕಿ ಒಂದು ಕಡೆ ವಾಲಿ ಹೊಂಡದ ಗೋಡೆಗೆ ಒರಗಿತು. ಕ್ರೇನಿನ ಡ್ರೈವರ್ ಅಲುಗದೆ ಹಿಡಿದ. ಆಗ ತಳ ಕಾಣಿಸಿತು. ಬೆರಳು ಹೋಗುವಷ್ಟು ತೂತು, ಅದರಿಂದ ಕರಿ ಗಸಿ ತೊಟ್ಟಿಕ್ಕುತ್ತಿತ್ತು. ನೀರು ತುಂಬದೆ ಇದ್ದದ್ದು ಒಳ್ಳೆಯದಾಯಿತು. ನಿಧಾನಕ್ಕೆ ಕೆಳಗಿಳಿಸಿ, ತೂತಿಗೆ ಬಟ್ಟೆಯ ಸಾಬೂನು ಮೆತ್ತಿ ಕಟ್ಟಿಗೆ ಬೆಣೆ ಹೊಡೆದೆವು. ಅಷ್ಟೂ ದಿನ ಉಳಿಸಿದ್ದ ಹುಷಾರನ್ನು ಆ ಒಂದು ಗಳಿಗೆಯಲ್ಲಿ ಕಳೆದುಕೊಳ್ಳುವುದು ನನಗೆ ಬೇಕಿರಲಿಲ್ಲ. ಡ್ರೈವರ್ ಹೊತ್ತಾಯಿತೆಂದು ಗೊಣಗಿದರೂ ಬಿಡದೆ, ಟಾಕಿಯ ಹೊಟ್ಟೆಯ ಕೆಳಗೆ ಎರಡು ಕಡೆ ಕೈಯಿಂದಲೇ ಮಣ್ಣು ಬಗೆದು, ಅಗಲದ ಬೆಲ್ಟು ಹಾಯಿಸಿ ಮತ್ತೆ ಎತ್ತಿಸಿದೆ. ಈ ಸಲ ಅದು ಗೋಡೆ ಕೆಡವಿದ ಸಂದಿಯಿಂದ ಒಂದಿಷ್ಟೂ ತಾಗದೆ ದಾಟಿ, ಲಾರಿಯ ಮೇಲೆ ಕುಳಿತಿತು. ನಮ್ಮ ಶೆಡ್ಡಿನ ಹಿಂದಿನ ಬಯಲಿಗೆ ಒಯ್ದು, ತೊಳೆದು, ಬಹಳ ದಿನ ಗಾಳಿಗೆ ಬಿಟ್ಟು, ಮೀಟರ್ ಇಟ್ಟು ನೋಡಿದ ಮೇಲೆಯೇ ಮಿಸ್ತ್ರಿ ಅದನ್ನು ಕತ್ತರಿಸಿದ.

ಹೊಂಡದ ಕೆಲಸ ಇನ್ನೂ ಇತ್ತು. ತೂತಿನ ಕೆಳಗಿನ ಮಣ್ಣು ಪೆಟ್ರೋಲ್ ಕುಡಿದು ಕಂದಿಹೋಗಿತ್ತು. ಟಾಕಿ ಹೋಯಿತಲ್ಲ, ಮುಚ್ಚಿಬಿಡೋಣ ಎಂದು ಆಳುಗಳು ಎಂದರು. ಗೋಡೆ ಕಟ್ಟುವ ಗೌಂಡಿಯೂ ಅದನ್ನೇ ಅಂದ. ಮುಚ್ಚಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅದರ ಮೇಲೆ ನಾಲ್ಕು ಒಲೆ ಉರಿಯುವುದಿತ್ತು, ಉರಿಸುವವರು ಅದರ ಮುಂದೆ ದಿನವಿಡೀ ಕುಳಿತಿರುವುದಿತ್ತು. ಒಳ್ಳೆಯ ಮಣ್ಣು ಸಿಗುವವರೆಗೆ ತೋಡಿಸಿದೆ. ಕೆಟ್ಟ ಮಣ್ಣನ್ನು ತಾಡಪತ್ರಿ ಮುಚ್ಚಿ ಸಾಗಿಸಿ, ಆವಿ ಹಾರಿಹೋಗಲೆಂದು ನನ್ನ ಬಯಲಿನಲ್ಲೇ ತಾಡಪತ್ರಿ ಹಾಸಿ ಹರವಿದೆ. ಹೊಂಡಕ್ಕೆ ಹೊಸ ಗರಸು ಮಣ್ಣು ತುಂಬಿ, ಪದರ ಪದರವಾಗಿ ನೀರು ಹಾಕಿ ದಮ್ಮಸು ಹೊಡೆಸಿದೆ. ನಡುವೆ ತೂತಿನ ಪೈಪೊಂದನ್ನು ನಿಲ್ಲಿಸಿ, ಪ್ರತಿ ಬೆಳಗ್ಗೆ ಬಂದು ಅದರೊಳಗೆ ಮೀಟರ್ ಇಳಿಸಿ ನೋಡುತ್ತಿದ್ದೆ. ಅದು ದಿನವೂ ಸುಮ್ಮನಿತ್ತು. ಕೊನೆಗೆ ಪೈಪನ್ನೂ ತೆಗೆದು ಫರಸಿ ಹಾಸಿದೆವು.

ಅಷ್ಟು ದಿನವೂ ಮನೆಯೊಡತಿ ನನ್ನೊಡನೆ ಹಣದ ಮಾತೆತ್ತಲಿಲ್ಲ. ಕ್ರೇನಿನವನಿಗೆ, ಆಳುಗಳಿಗೆ ಆಗಿಂದಾಗ ಕೊಟ್ಟರು. ನನ್ನದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಂದು ಹೋಗಿ ಎಂದು ಒಂದು ದಿನ ಫೋನು ಬಂದಾಗ, ಲೆಕ್ಕ ಮುಗಿಸಲು ಕರೆಯುತ್ತಿದ್ದಾರೆ ಎಂದುಕೊಂಡೆ.

ಹಿತ್ತಲಲ್ಲಿ ನಾಲ್ಕು ಒಲೆ ಸಾಲಾಗಿ ನಿಂತಿದ್ದವು, ಸಾರಿಸಿ, ರಂಗೋಲಿ ಎಳೆದಿದ್ದರು. ಮೊದಲ ಒಲೆಯಲ್ಲಿ ಕಟ್ಟಿಗೆ ಜೋಡಿಸಿತ್ತು. ಅದು ನಾವು ತೂತಿನ ಮಣ್ಣು ತೋಡಿದ ಜಾಗದ ಮೇಲೆಯೇ ಇತ್ತು. ಅಕ್ಕ, ಓಣಿಯ ನಾಲ್ಕಾರು ಹೆಂಗಸರು, ಬಾಗಿಲಲ್ಲಿ ಇಬ್ಬರು ಹಮಾಲರು. ಪೂಜೆ ಆಗಲೇ ಮುಗಿದಿತ್ತು, ಯಾರೂ ಬೆಂಕಿ ಮಾತ್ರ ಹಚ್ಚಿರಲಿಲ್ಲ. ಮನೆಯೊಡತಿ ಕಡ್ಡಿಪೆಟ್ಟಿಗೆ ತಂದು ನನ್ನ ಕೈಗಿಟ್ಟರು.

"ನೀವ ಹಚ್ರಿ," ಎಂದರು. "ನೀವು ಹಚ್ಚಿದರ ನಾ ನಾಳಿಂದ ಹಚ್ತೀನಿ."

ಮನೆಯ ಹೆಣ್ಣುಮಕ್ಕಳು ಹಚ್ಚಬೇಕಾದ ಒಲೆ ಅದು. ಹಾಗೆಂದು ತಪ್ಪಿಸಿಕೊಳ್ಳಬಹುದಿತ್ತು. ಅವರ ಮುಖ ನೋಡಿದೆ, ಅದರಲ್ಲಿ ಚೇಷ್ಟೆ ಇರಲಿಲ್ಲ. ಮೀಟರ್ ಏನು ಹೇಳಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಆದರೂ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಒಲೆಯ ಮುಂದೆ ಮೊಣಕಾಲೂರಿ ಕುಳಿತೆ. ಹಿಂದಿದ್ದವರು ಸದ್ದಿಲ್ಲದೆ ಬಾಗಿಲವರೆಗೆ ಸರಿದರು. ಮನೆಯೊಡತಿಯೊಬ್ಬರೇ ನನ್ನ ಪಕ್ಕದಲ್ಲಿ, ಹಿಟ್ಟಿನ ಪರಾತ ಎಳೆದುಕೊಂಡು ಕುಳಿತರು. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹತ್ತಿತು. ಪುಳ್ಳೆಗೆ ಹಿಡಿದೆ, ಉರಿ ಕಟ್ಟಿಗೆಗೆ ಏರಿತು, ಹೊಗೆ ಸುತ್ತಿ ಕೆಡವಿ ಕಟ್ಟಿದ ಗೋಡೆಯ ಕಡೆ ಹೋಯಿತು.

ಮನೆಯೊಡತಿ ಹಂಚು ಇಟ್ಟರು. ಹಿಟ್ಟು ನಾದಿ, ಮೊದಲ ರೊಟ್ಟಿ ಬಡಿಯುತ್ತ, ತಲೆ ಎತ್ತದೆಯೇ ಕೇಳಿದರು.

"ಈಗ ಹೇಳ್ರಿ. ಒಟ್ಟ ಎಷ್ಟ ಆತು?"